ಅತ್ತೆ ಕತ್ತರಿಸಿದ ಪ್ಯಾಂಟು

ಆ ಪ್ಯಾಂಟಿನ ವಿಷಯದಲ್ಲಿ ನಮ್ಮತ್ತೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. "ಹೋಗಲಿ ಬಿಡಿ, ಹೊಟ್ಟೆಗೆ ಹಾಕ್ಕೊಳ್ಳಿ" ಅನ್ನುತ್ತಾಳೆ ಹೆಂಡತಿ. ಸೊಂಟಕ್ಕೆ ಹಾಕಿಕೊಳ್ಳಬೇಕಾದದ್ದನ್ನು ಹೊಟ್ಟೆಗೆ ಹೇಗೆ ಹಾಕಿಕೊಳ್ಳಲಿ?

ನಾನು ಲಾರಿ ರಿಪೇರಿ ಮಾಡುವವನು. ಶಾಲೆ ಕಂಡದ್ದು ಕಡಿಮೆ, ಗ್ರೀಸು ಕಂಡದ್ದು ಹೆಚ್ಚು. ಅತ್ತೆ ಎಂದರೆ ಹೆಂಡತಿಯ ತಾಯಿ. ಮಾವ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ದೊಡ್ಡ ಕತ್ತರಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬಂದ ವಾರದೊಳಗೆ ನನ್ನ ಹಳೆಯ ಬನಿಯನ್ನುಗಳು ನೆಲ ಒರೆಸುತ್ತಿದ್ದವು. ಹರಿದ ಅಂಗಿಯ ಬೆನ್ನು ದಿಂಬಿನ ಚೀಲವಾಯಿತು. ತೋಳು ಬಿಸಿ ಪಾತ್ರೆ ಇಳಿಸುವ ಬಟ್ಟೆಯಾಯಿತು. ಕಾಲರುಗಳು ಹೆಣೆದುಕೊಂಡು ಬಾಗಿಲ ಬಳಿ ಕಾಲೊರಸಾಗಿ ಬಿದ್ದವು. "ಮೈ ಮೇಲಿರೋವರೆಗೆ ಅಳಿಯಂದ್ರದ್ದು, ಹಗ್ಗದ ಮೇಲೆ ಬಂದ್ರೆ ನನ್ನದು" ಎಂದು ನಗುತ್ತಿದ್ದರು.

ಬಟ್ಟೆಯ ಆಯಸ್ಸು ನೋಡಲು ಅವರದ್ದೊಂದು ಕ್ರಮವಿತ್ತು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಜ್ಜುವುದು. ಹೊಸದು ಬೆರಳಿಗೆ ಎದುರು ನಿಲ್ಲುತ್ತದೆ. ಒಗೆದು ಒಗೆದು ಸೋತದ್ದು ಬೆಣ್ಣೆಯ ಹಾಗೆ ಜಾರುತ್ತದೆ. ಜಾರಿತೋ, ಕತ್ತರಿ ಹೊರಬಂತು.

ಮಗಳು ಕಾಲೇಜು ಮುಗಿಸಿದಳು. ಪದವಿ ಕೊಡುವ ದಿನ ಅಪ್ಪ ಅಮ್ಮ ಇಬ್ಬರೂ ಬರಲೇಬೇಕೆಂದಳು. ಗ್ರೀಸಿನ ಪ್ಯಾಂಟಿನಲ್ಲಿ ಹೋಗಲಾದೀತೇ? ಜನ್ಮದಲ್ಲಿ ಮೊದಲ ಸಲ ಗಾಜಿನ ಬಾಗಿಲಿನ ಅಂಗಡಿಗೆ ಹೋಗಿ ನೀಲಿ ಪ್ಯಾಂಟು ತಂದೆ. ಮುಟ್ಟಿದರೆ ಬೆಕ್ಕಿನ ಮರಿಯ ಬೆನ್ನು ಸವರಿದ ಹಾಗೆ. "ಅಂಗಡೀಲಿ ಯಾರ್ಯಾರು ಹಾಕಿ ನೋಡಿರ್ತಾರೋ" ಎಂದು ಹೆಂಡತಿ ಅದನ್ನು ನೀರಿಗೆ ಅದ್ದಿ ಹಗ್ಗದ ಮೇಲೆ ಹರಡಿದಳು.

ಸಂಜೆ ನಾನು ಬಂದಾಗ ಅದರ ಎರಡು ಕಾಲುಗಳೂ ಕೈಚೀಲಗಳಾಗಿ ಅಡುಗೆಮನೆಯ ಮೊಳೆಗೆ ತೂಗುತ್ತಿದ್ದವು. ಒಂದರಲ್ಲಿ ಆಗಲೇ ಈರುಳ್ಳಿ. ಸೊಂಟದ ಭಾಗ ಬುಟ್ಟಿಯಲ್ಲಿ ತನ್ನ ಸರದಿಗೆ ಕಾಯುತ್ತಿತ್ತು.

ನನ್ನ ಸಿಟ್ಟು ಬೀದಿಗೆಲ್ಲ ಗೊತ್ತು. "ಕಣ್ಣು ಕಾಣಲ್ವೇನ್ರೀ ನಿಮಗೆ?" ಎಂದು ಕೂಗಿದೆ.

ಅತ್ತೆ ಮಾತಿಗೆ ಸೋಲುವವರಲ್ಲ. ಅಂದು ಮಾತ್ರ ಚೀಲದ ಅಂಚನ್ನು ಉಜ್ಜುತ್ತಾ ನಿಂತರು. "ಸೋತ ಬಟ್ಟೆ ಅಂದ್ಕೊಂಡೆ ಅಳಿಯಂದ್ರೇ. ಹೊಸದು ಹೀಗಿರುತ್ತಾ?"

ಮಗಳು ಹತ್ತಿರ ಹೋದಳು. "ಅಜ್ಜಿ, ಇದು ಯಾವ ಬಣ್ಣ ಹೇಳು."

"ನಿಮ್ಮಪ್ಪನ ಮುಖದ ಬಣ್ಣ ಕಣೇ. ಕೆಂಪು."

ಯಾರೂ ನಗಲಿಲ್ಲ. ಆಮೇಲೆ ಒಂದೊಂದಾಗಿ ಹೊಳೆಯಿತು. ಅತ್ತೆ ಸೂಜಿಗೆ ದಾರವನ್ನು ನನ್ನ ಮಗಳ ಕೈಲಿ ಪೋಣಿಸಿಕೊಳ್ಳುತ್ತಿದ್ದದ್ದು ಸೋಮಾರಿತನಕ್ಕಲ್ಲ. ಗೋಡೆ ಹಿಡಿದು ನಡೆಯುತ್ತಿದ್ದದ್ದು ಮೊಣಕಾಲು ನೋವಿಗಲ್ಲ.

ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಒಳಗಿನ ನರ ಒಣಗಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದೂ ನಿಲ್ಲುವ ಭರವಸೆ ಇಲ್ಲ ಎಂದರು. "ಮತ್ತೆ ಇಷ್ಟೊಂದು ಮೆಷಿನ್ ಯಾಕಿಟ್ಕೊಂಡಿದೀರಿ?" ಎಂದು ಅವರ ಮೇಲೂ ಹಾರಾಡಿದೆ. ಹೆಂಡತಿ ತೋಳು ಹಿಡಿದು ಹೊರಗೆಳೆದಳು. ನಿಂತುಹೋದ ಯಾವ ಎಂಜಿನ್ನನ್ನಾದರೂ ಬಿಚ್ಚಿ, ಜೋಡಿಸಿ, ಕೊನೆಗೆ ಕೆಮ್ಮಿಸಿಯಾದರೂ ಬಿಡುತ್ತೇನೆ. ಇಲ್ಲಿ ಬಿಚ್ಚಲು ಏನೂ ಇರಲಿಲ್ಲ.

ಪದವಿಯ ದಿನ ಪಕ್ಕದ ಮನೆಯ ಪೋಸ್ಟ್‌ಮ್ಯಾನನ ಪ್ಯಾಂಟು ಹಾಕಿಕೊಂಡು ಹೋದೆ. ಅವನು ನನಗಿಂತ ಗಿಡ್ಡ. ಫೋಟೋದಲ್ಲಿ ಮಗಳಿಗಿಂತ ಮೊದಲು ನನ್ನ ಕಾಲುಚೀಲವೇ ಕಾಣುತ್ತದೆ.

ಮರಳಿ ಬಂದಾಗ ಅತ್ತೆ ಕಿಟಕಿಯ ಹತ್ತಿರ ಕೂತು ಕೈಚೀಲಗಳ ಹೊಲಿಗೆ ಬಿಚ್ಚುತ್ತಿದ್ದರು.

"ಏನ್ಮಾಡ್ತಿದೀರಿ?"

"ನಿಮ್ಮ ಪ್ಯಾಂಟು ವಾಪಸ್ ಕೊಡ್ತೀನಿ. ಕತ್ತರಿಸೋ ಕೈಗೆ ಸೇರಿಸೋಕೂ ಬರುತ್ತೆ."

"ಬೇಡ ಬಿಡಿ, ಇನ್ನೊಂದು ತಗೋತೀನಿ."

"ಅದನ್ನೂ ಕತ್ತರಿಸ್ಲಾ?"

ಹೆಂಡತಿ ಬೆಳಿಗ್ಗೆಯೇ ಸೂಜಿಗಳನ್ನು ಪೋಣಿಸಿ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದಳು. ಹೊಲಿಗೆ ದಾರಿ ತಪ್ಪಿದರೆ ಅತ್ತೆಯ ಬೆರಳೇ ಕಂಡುಹಿಡಿದು ಬಿಚ್ಚುತ್ತಿತ್ತು, ಮತ್ತೆ ಹಾಕುತ್ತಿತ್ತು. ಬರಬರುತ್ತಾ ಕಿಟಕಿಯ ಬೆಳಕು ಅವರಿಗೆ ಬರೀ ಬಿಸಿಯಾಗಿ ಉಳಿಯಿತು. ಸುಮ್ಮನೆ ನಿಂತು ನೋಡುವುದು ನನಗೆ ಬಾರದ ಕೆಲಸ. ಅದನ್ನೇ ಮಾಡಿದೆ.

ಬಲಗಾಲು ಸೇರಿತು. ತೊಡೆಯ ಸುತ್ತ ಹಳೆಯ ಗಾಯದಂಥ ಹೊಲಿಗೆ. ಹಾಕಿಕೊಂಡೆ. ಒಂದು ಕಾಲಿಗೆ ಪ್ಯಾಂಟು, ಇನ್ನೊಂದಕ್ಕೆ ಚಡ್ಡಿ. ಅತ್ತೆ ಸವರಿ ನೋಡಿ, "ಅರ್ಧ ಮಾನ ಮುಚ್ಚಿದೀನಿ. ಇನ್ನರ್ಧ ಬಾಕಿ" ಎಂದು ನಕ್ಕರು.

ಎಡಗಾಲಿನ ಹೊತ್ತಿಗೆ ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿಗಳು ಗಟ್ಟಿಕಟ್ಟಿದ್ದವು. ನಯವಾವುದು, ಒರಟಾವುದು, ಅವಕ್ಕೂ ತಿಳಿಯದಾಯಿತು. ಒಂದು ದಿನ ಎಡಗಾಲನ್ನು ತಾವು ಉಟ್ಟ ಸೀರೆಗೇ ಸೇರಿಸಿ ಹೊಲಿದುಬಿಟ್ಟರು. ಎದ್ದಾಗ ಅದೂ ಜೊತೆಗೆ ಎದ್ದಿತು. ಅತ್ತೆ ಮತ್ತೆ ಕೂತು ತಾವೇ ಬಿಚ್ಚಿದರು. ಸೂಜಿಯನ್ನು ದಿಂಬಿಗೆ ಚುಚ್ಚಿದರು. "ತಗೊಳ್ಳಿ ಅಳಿಯಂದ್ರೇ" ಎಂದು ಕತ್ತರಿ ಚಾಚಿದರು. ನಾನಿದ್ದದ್ದು ಕಿಟಕಿಯ ಕಡೆ, ಅವರು ಚಾಚಿದ್ದು ಬಾಗಿಲ ಕಡೆ. ಸದ್ದಾಗದಂತೆ ಸುತ್ತಿ ಹೋಗಿ, ಬಾಗಿಲ ಬಳಿ ನಿಂತು ತೆಗೆದುಕೊಂಡೆ.

ಹಾಸಿಗೆ ಹಿಡಿದ ಮೇಲೂ ಅದೇ ಮಾತು. "ಇನ್ನೊಂದು ಕಾಲು ಕೊಟ್ಟಿಲ್ಲ, ಅಲ್ವಾ?"

"ಕೊಟ್ಟಿಲ್ಲ. ಕೊಡದೆ ಎಲ್ಲಿಗೂ ಹೋಗೋ ಹಾಗಿಲ್ಲ" ಎಂದು ಗದರಿದೆ.

ನನ್ನ ಗದರಿಕೆಗೆ ಲಾರಿ ಡ್ರೈವರುಗಳು ಹೆದರುತ್ತಾರೆ. ಅತ್ತೆ ಎಂದೂ ಹೆದರಿದವರಲ್ಲ. ಹೊರಟುಹೋದರು.

ಎಡಗಾಲು ಅವರ ಟ್ರಂಕಿನಲ್ಲಿದೆ. ತಾನು ಹೊಲಿದುಕೊಡುತ್ತೇನೆ ಎಂದಳು ಹೆಂಡತಿ. ಮುಟ್ಟಬೇಡ ಎಂದೆ. ಬಾಕಿ ಇರುವುದು ಅವಳದ್ದಲ್ಲ.