ಕಾಲು ನೋಡಿ ಮಾತಾಡುತ್ತಿದ್ದ ಕಾಕಾ

ಇಮಾಮಸಾಬ ಕಾಕಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದ. ಎಮರ್ಜೆನ್ಸಿ ಮುಗಿದ ವರ್ಷ ನಾನು ಹಿರೇಬೆಂಡಿಗೇರಿಯಿಂದ ತಡಸದ ಆಚೆ ಇದ್ದ ಕಾಡಿನ ಬಂಗಲೆಗೆ ಕಸ ಹೊಡೆಯುವ ಕೆಲಸಕ್ಕೆ ಹೋದೆ. ಅವನು ಅಲ್ಲಿಯ ಕಾವಲುಗಾರ, ಸವಣೂರಿನವನು. ನನ್ನ ಹೆಸರು ಕೇಳಲಿಲ್ಲ. "ಎಡಗಾಲ ಎಳದ ಹಾಕ್ತಿ. ಮುಳ್ಳ ಐತಿ, ಮೊದಲ ತಗಿ," ಅಂದ. ಇತ್ತು.

ಹುಬ್ಬಳ್ಳಿ ಕಡೆಯ ಜನ ಕಾಡು ನೋಡಲು ಬಂದು ಬಂಗಲೆಯಲ್ಲಿ ಇಳಿಯುತ್ತಿದ್ದರು. ಸಂಜೆ ನಾನು ಮುಂದಿನ ಮಣ್ಣಿನ ದಾರಿಯನ್ನು ನುಣ್ಣಗೆ ಗುಡಿಸಬೇಕು. ಬೆಳಿಗ್ಗೆ ಕಾಕಾ ಕುಕ್ಕರಗಾಲಲ್ಲಿ ಕೂತು, ಯಾವ ಪ್ರಾಣಿ ಹಾದುಹೋಯಿತು ಎಂದು ಹೆಜ್ಜೆ ನೋಡಿ ಹೇಳಬೇಕು. ಬಹಳ ಸಲ ಮೊಲ, ನರಿ, ಹಂದಿ. ಜನಕ್ಕೆ ಚಿರತೆ ಬೇಕು. ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು. ಬರುವವರು ಕಡಿಮೆಯಾದರು. ಹಿಂಗೇ ಆದರೆ ಬಂಗಲೆಗೆ ಕೀಲಿ ಹಾಕುತ್ತೇವೆ ಎಂದು ಅರಣ್ಯ ಇಲಾಖೆಯ ಸಾಹೇಬರು ಹೇಳಿ ಹೋದರು. ಕೀಲಿ ಬಿದ್ದರೆ ನಾನು ತಿರುಗಿ ಅಣ್ಣನ ಮನೆಯಲ್ಲಿ, ಅತ್ತಿಗೆಯ ಕೈ ಕೆಳಗೆ. ಅದು ನನಗೆ ಬೇಕಿರಲಿಲ್ಲ.

ಒಂದು ದಿನ ನಸುಕಿನಲ್ಲಿ ಎದ್ದು, ಅಂಗೈ ಊರಿ, ನಾಲ್ಕು ಬೆರಳು ಒತ್ತಿ, ದಾರಿಯುದ್ದಕ್ಕೂ ಚಿರತೆ ನಡೆಸಿಬಿಟ್ಟೆ.

ಇಳಿದುಕೊಂಡಿದ್ದ ಗಂಡ, ಹೆಂಡತಿ, ಮಗಳು ನೋಡಿ ಕುಣಿದಾಡಿದರು. ಕಾಕಾ ಬಾಗಿ ನೋಡಿದ. ಆಮೇಲೆ, ಎಂದೂ ನೋಡದವನು ನನ್ನ ಕೈ ನೋಡಿದ.

"ಈ ಚಿರ್ಚಿ ಬಳಿ ಇಟ್ಕೊಂಡೈತ್ರಿ," ಅಂದ.

ಪ್ರತಿ ಹೆಜ್ಜೆಯ ಹಿಂದೆ ನನ್ನ ಗಾಜಿನ ಬಳೆಯ ಗೆರೆ ಮೂಡಿತ್ತು.

ನನ್ನ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕರು. ಕಾಕಾ ನಗಲಿಲ್ಲ. ಎಲ್ಲವನ್ನೂ ಕಾಲಿಂದ ಒರೆಸಿ, ಬದಿಯಲ್ಲಿ ಕಸಬರಿಗೆ ಎಳೆದಂತಿದ್ದ ಗೀರು ತೋರಿಸಿದ. ಮುಳ್ಳುಹಂದಿ ಹೋದ ಗುರುತು. ಅದನ್ನೇ ಹಿಡಿದು ಹೋದಾಗ ಆ ಹುಡುಗಿಗೆ ಉದ್ದನೆಯ ಮುಳ್ಳೊಂದು ಸಿಕ್ಕಿತು. ಅವರು ಇನ್ನೆರಡು ದಿನ ಉಳಿದರು. ಮುಂದಿನ ವರ್ಷ ಮೂರು ಮನೆಯವರನ್ನು ಕರೆತಂದರು, ಅವರು ಇನ್ನಷ್ಟು ಜನರನ್ನು. ಕೀಲಿ ಬೀಳಲಿಲ್ಲ.

ಚಿರತೆ ನಡೆಸಿದ ಆ ದಿನ ಕಾಕಾ ಬೈಯಲಿ ಎಂದು ಕಾದೆ. "ನಾಳಿಂದ ಹೆಜ್ಜಿ ನೀನ ಓದು," ಅಂದ.

"ನನಗ ಅಕ್ಷರನ ಬರಂಗಿಲ್ಲ ಕಾಕಾ."

"ಚಿರ್ಚಿಗೂ ಬರಂಗಿಲ್ಲ."

ಏಳು ವರ್ಷ ಓದಿಸಿದ. ತಪ್ಪಿದರೆ ಬೆನ್ನು ತಿರುಗಿಸಿ ಬೀಡಿ ಹಚ್ಚುತ್ತಿದ್ದ. ಮತ್ತೆ ನಾನೇ ನೋಡಬೇಕು.

ವಯಸ್ಸಾಗಿ ಕಾಕಾ ಕೆಲಸದಿಂದ ಇಳಿದ ಮರುದಿನ ನಾನು ಏಳುವುದರೊಳಗೆ ಅವನ ಖೋಲಿ ಖಾಲಿ. ದಾರಿಯಲ್ಲಿ ಅವನ ಚಪ್ಪಲಿ ಗುರುತು, ಬಲಹಿಮ್ಮಡಿ ಸವೆದದ್ದು, ಬಸ್ಸಿನ ಕಡೆ ಹೋಗಿತ್ತು. ಗೇಟಿನ ಹತ್ತಿರ ಒಮ್ಮೆ ತಿರುಗಿ ನಿಂತಿದ್ದ. ಅಷ್ಟು ನನಗೆ ಓದಲು ಬಂತು.

ರಾತ್ರಿ ಏನು ಬಂದಿತ್ತು ಎಂದು ಇಳಿದುಕೊಂಡಿದ್ದವರು ಕೇಳಿದರು. ಎರಡು ಮೊಲ, ಒಂದು ನರಿ ಎಂದೆ. ಚಪ್ಪಲಿಯ ಮಾತು ಎತ್ತಲಿಲ್ಲ. ಸಂಜೆ ಕಸಬರಿಗೆ ಹಿಡಿದು ಅದನ್ನೂ ಸೇರಿಸಿ ಗುಡಿಸಿದೆ. ರಾತ್ರಿ ಹಾಯುವ ಕಾಡಿನವಕ್ಕೆ ಹೆಜ್ಜೆ ಊರಲು ದಾರಿ ಬೇಕಲ್ಲ.