ಆ ಕಡೆ ತಿರುಗಿ ಕುಳಿತವಳು

ದೇವರು, ದೆವ್ವ, ಶಕುನ, ಕನಸಿನ ಫಲ ಇವುಗಳಲ್ಲಿ ಯಾವುದನ್ನೂ ನಾನು ನಂಬಿದವಳಲ್ಲ. ಹೀಗೆ ಶುರು ಮಾಡುವವರು ಸಾಮಾನ್ಯವಾಗಿ ಕೊನೆಯಲ್ಲಿ ಕೈಮುಗಿದು ನಿಂತಿರುತ್ತಾರೆ. ನಾನು ಹಾಗೆ ಮಾಡುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲಂಡನ್ನಿನ ಹೌನ್ಸ್ಲೋದ ಒಂದು ಫಾರ್ಮಸಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಿಂದ ಕೆಲಸ ಮಾಡುತ್ತಿದ್ದೇನೆ. ಯಾವ ಮಾತ್ರೆ ಯಾವ ಕಾಯಿಲೆಗೆ, ಎಷ್ಟು ದಿನಕ್ಕೆ ಹಿಡಿಯುತ್ತದೆ ಎಂಬುದು ನನಗೆ ಗೊತ್ತು. ಅದಕ್ಕಿಂತ ದೊಡ್ಡ ಪವಾಡಗಳ ಗೋಜಿಗೆ ನಾನು ಹೋದವಳಲ್ಲ. ಆದರೂ ಏಳು ವರ್ಷದ ಹಿಂದಿನ ಒಂದು ಭಾನುವಾರದ ಮಧ್ಯಾಹ್ನ ಯಾವ ವಿವರಣೆಗೂ ಪೂರ್ತಿ ಸಿಗದೆ ನನ್ನಲ್ಲಿ ಉಳಿದುಕೊಂಡಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೆ ಏನಾದರೂ ಹೊಳೆದರೆ ಒಳ್ಳೆಯದು.

ನಾನು ಮದುವೆಯಾಗಿ ಸೇರಿದ ಮನೆಯೂ ನನ್ನ ಸ್ವಭಾವಕ್ಕೆ ಹೊಂದುವಂಥದ್ದೇ. ಮಾವ ಹಿರಿಯೂರಿನ ಕಡೆಯವರು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಅವರ ಮನೆಯಲ್ಲಿ ದೇವರ ಕೋಣೆ ಇರಲಿಲ್ಲ. ನಮ್ಮ ಲಗ್ನಪತ್ರಿಕೆಯ ನೆತ್ತಿಯಲ್ಲಿ ಎಲ್ಲರಂತೆ ಮನೆದೇವರ ಹೆಸರು ಹಾಕಲು ಅವರು ಒಪ್ಪಲಿಲ್ಲ. ಪ್ರೆಸ್ಸಿನವನು ಎರಡು ಸಲ ಕೇಳಿದ, ಮರೆತುಬಿಟ್ಟಿದ್ದಾರೆ ಎಂದುಕೊಂಡು ಮೂರನೆಯ ಸಲ ಕೇಳದೆ ತಾನೇ 'ಶ್ರೀ ವೆಂಕಟೇಶ್ವರ ಪ್ರಸನ್ನ' ಎಂದು ಅಚ್ಚು ಹಾಕಿಬಿಟ್ಟ. ಮನೆದೇವರು ಯಾವುದೆಂದು ಗೊತ್ತಿಲ್ಲದವರಿಗೆಲ್ಲ ತಿರುಪತಿ ತಿಮ್ಮಪ್ಪನೇ ಆಗುತ್ತಾನಲ್ಲ, ಹಾಗೆ. ಮಾವ ಜಗಳವಾಡಲಿಲ್ಲ. ಮುನ್ನೂರು ಪತ್ರಿಕೆಗಳನ್ನೂ ಮುಂದಿಟ್ಟುಕೊಂಡು, ಸ್ಕೇಲು ಇಟ್ಟು, ಒಂದೊಂದರಲ್ಲೂ ಆ ಸಾಲಿನ ಮೇಲೆ ಕಪ್ಪು ಶಾಯಿಯ ಗೀಟು ಎಳೆದರು. ನನ್ನ ತವರಿನವರು ಮುಖ ಸಣ್ಣ ಮಾಡಿಕೊಂಡರು. ನನಗೆ ಮಾತ್ರ ಅವರ ಮೇಲೆ ಅಭಿಮಾನ ಹುಟ್ಟಿತು.

ನಿಜವಾದ ಮನೆದೇವರು ಯಾವುದೆಂದು ನನ್ನ ಗಂಡ ಪ್ರಕಾಶನಿಗೂ ಗೊತ್ತಿರಲಿಲ್ಲ. ಕೇಳಿದರೆ ಅವನಪ್ಪ, "ಗೊತ್ತಾದ್ರೆ ನೀನು ಹೋಗ್ತೀಯ, ಅದಕ್ಕೇ ಬೇಡ" ಎನ್ನುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಆ ಪ್ರಶ್ನೆಯೂ ಮುಗಿಯಿತು ಎಂದುಕೊಂಡಿದ್ದೆವು.

ನಮ್ಮ ಮಗಳು ಚೇತನಾ ಹುಟ್ಟಿದ್ದು, ಬೆಳೆದದ್ದು ಹೌನ್ಸ್ಲೋದಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಮೊದಲಿನಿಂದಲೂ ನಡೆದುಬಂದ ಕ್ರಮ. ಯೂನಿವರ್ಸಿಟಿಯ ಎರಡನೆಯ ವರ್ಷದಲ್ಲಿ ಅವಳು ಒಂದು ದಿನ ಸೂಟ್‌ಕೇಸ್ ಎಳೆದುಕೊಂಡು ಮನೆಗೆ ಬಂದಳು. ಮತ್ತೆ ಹೋಗಲಿಲ್ಲ. ಕೋಣೆಯ ಪರದೆ ಸರಿಸುತ್ತಿರಲಿಲ್ಲ, ಊಟಕ್ಕೆ ಕರೆದರೆ ಓ ಎನ್ನುತ್ತಿರಲಿಲ್ಲ. ನಮ್ಮ ಜಿಪಿ ಡಾಕ್ಟರು ಖಿನ್ನತೆಗೆ ಮಾತ್ರೆ ಬರೆದುಕೊಟ್ಟರು. ಮನೆಯವರ ಔಷಧಿಯನ್ನು ನಾನೇ ಕೊಡುವಂತಿಲ್ಲ ಎಂದು ನಮ್ಮ ಅಂಗಡಿಯ ನಿಯಮ. ಹಾಗಾಗಿ ಜೊತೆಯವಳು ಕೊಟ್ಟಳು, ನಾನು ಕೌಂಟರಿನ ಈಚೆ ಗಿರಾಕಿಗಳ ಸಾಲಿನಲ್ಲಿ ನಿಂತು ತೆಗೆದುಕೊಂಡೆ. ವರ್ಷಗಟ್ಟಲೆ ಆಚೆ ನಿಂತವಳಿಗೆ ಈಚೆ ನಿಲ್ಲುವುದು ಎಂಥದ್ದು ಎಂದು ಅವತ್ತು ಗೊತ್ತಾಯಿತು.

ಅವಳು ಹಾಸಿಗೆ ಬಿಟ್ಟು ಏಳುತ್ತಿದ್ದದ್ದು ಒಂದೇ ಒಂದಕ್ಕೆ. ಅದು ಪೇಗನ್ನರ ಒಂದು ಗುಂಪು. ಕ್ರೈಸ್ತ ಮತ ಬರುವ ಮುಂಚೆ ಈ ನೆಲದಲ್ಲಿದ್ದ ದೇವತೆಗಳನ್ನು ಈಗ ಮತ್ತೆ ಪೂಜಿಸುವವರು. ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ನೋಡಿದರೆ ಒಬ್ಬ ಬಸ್ ಡ್ರೈವರ್, ಒಬ್ಬಳು ಹಲ್ಲಿನ ಡಾಕ್ಟರ ಹತ್ತಿರದ ನರ್ಸ್, ಹೀಗೆ ಹತ್ತು ಹನ್ನೆರಡು ಜನ. ಮಾರ್ಗರೆಟ್ ಎಂಬ ನಿವೃತ್ತ ಲೈಬ್ರರಿಯನ್ ಅವರಿಗೆ ಹಿರಿಯಳು. ತಿಂಗಳಿಗೊಮ್ಮೆ ಒಂದು ಪಬ್ಬಿನ ಮಹಡಿಯಲ್ಲಿ ಸೇರುತ್ತಿದ್ದರು, ಹಬ್ಬಗಳಲ್ಲಿ ಬಯಲಿಗೆ ಹೋಗುತ್ತಿದ್ದರು. ಅವರಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಆದ ಒಂದು ಪೋಷಕ ದೇವತೆ ಇರುತ್ತಿತ್ತು. ಒಬ್ಬರಿಗೆ ಕುದುರೆಯ ದೇವತೆ, ಇನ್ನೊಬ್ಬರಿಗೆ ಬಾವಿಯ ದೇವತೆ. ನಾವು ಹುಡುಕಬಹುದು, ಆದರೆ ಕರೆ ಆ ಕಡೆಯಿಂದಲೇ ಬರಬೇಕು ಎಂಬುದು ಅವರ ನಂಬಿಕೆ. ಕನಸಿನಲ್ಲೋ ಧ್ಯಾನದಲ್ಲೋ ಬಂದು ನಿಲ್ಲುತ್ತಾರಂತೆ. ಚೇತನಾ ಯೂನಿವರ್ಸಿಟಿಗೆ ಸೇರಿದಾಗಿನಿಂದ, ಒಂದೂವರೆ ವರ್ಷ, ಕಾಯುತ್ತಿದ್ದಳು. ಯಾರೂ ಬಂದಿರಲಿಲ್ಲ.

"ಎವ್ರಿವನ್ ಹ್ಯಾಸ್ ಸಮ್‌ವನ್, ಅಮ್ಮಾ," ಎಂದಳು ಒಂದು ಸಂಜೆ, ತಟ್ಟೆಯ ಅನ್ನವನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತ. "ನೋಬಡಿ ವಾಂಟ್ಸ್ ಮಿ."

ಅವಳು ದೇವತೆಗಳ ವಿಷಯ ಹೇಳುತ್ತಿದ್ದಳು ನಿಜ. ಆದರೆ ಆ ಮಾತು ಅಲ್ಲಿಗೇ ನಿಲ್ಲುವಂಥದ್ದಲ್ಲ ಎಂದು ನನಗೆ ಅನ್ನಿಸಿತು. ಹೆದರಿಕೆಯಾಯಿತು. ಮುಂದಿನ ಭಾನುವಾರ ಹೌನ್ಸ್ಲೋ ಹೀತ್ ಎಂಬ ಬಯಲಿನಲ್ಲಿ ಅವರ ಹಬ್ಬ ಎಂದು ತಿಳಿದಾಗ, "ನಾನೂ ಬರ್ಲಾ?" ಎಂದು ಕೇಳಿದೆ. ಭುಜ ಕುಣಿಸಿದಳು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಫೆಬ್ರವರಿಯ ಮೊದಲ ವಾರ. ಚಳಿಗಾಲ ಕಳೆದು ನೆಲ ಎಚ್ಚರಗೊಳ್ಳುವುದನ್ನು ಅವರು ಆಗ ಆಚರಿಸುತ್ತಾರೆ. ನಂಬಿಕೆಯಿಲ್ಲದಿದ್ದರೂ ಬರಿಗೈಯಲ್ಲಿ ಹೋಗಲು ನನಗೆ ಮನಸ್ಸು ಬರಲಿಲ್ಲ, ಒಂದು ದೊಡ್ಡ ಡಬ್ಬಿ ತುಂಬ ಚಿತ್ರಾನ್ನ ಕಲಸಿಕೊಂಡು ಹೋದೆ. ಮಾರ್ಗರೆಟ್ ಅದರಲ್ಲಿ ಮೊದಲ ಚಮಚವನ್ನು ತೆಗೆದು ಹಳದಿ ಹೂ ಬಿಟ್ಟಿದ್ದ ಒಂದು ಮುಳ್ಳುಪೊದೆಯ ಬುಡದಲ್ಲಿ ಇಟ್ಟಳು. ಉಳಿದದ್ದನ್ನು ಎಲ್ಲರೂ ತಿಂದರು. ಬಸ್ ಡ್ರೈವರ್ ಎರಡು ಸಲ ಹಾಕಿಸಿಕೊಂಡ. ನಮ್ಮ ತಲೆಯ ಮೇಲೆ ಒಂದೆರಡು ನಿಮಿಷಕ್ಕೊಂದರಂತೆ ವಿಮಾನಗಳು ಚಕ್ರ ಬಿಚ್ಚಿಕೊಂಡು ಹೀಥ್ರೋಗೆ ಇಳಿಯುತ್ತಿದ್ದವು. ಪ್ರತಿ ಸಲವೂ ಮಾತು ನಿಲ್ಲಿಸಿ, ವಿಮಾನ ಹೋದ ಮೇಲೆ ಮುಂದುವರಿಸುವುದು ಅವರಿಗೆ ಅಭ್ಯಾಸವಾಗಿತ್ತು.

ನಿಮ್ಮಲ್ಲಿ ಇದೆಲ್ಲ ಹೇಗೆ ಎಂದು ಮಾರ್ಗರೆಟ್ ಕೇಳಿದಳು. ನಮ್ಮಲ್ಲಿ ದೇವರನ್ನು ಯಾರೂ ಹುಡುಕುವುದಿಲ್ಲ, ಮನೆಗೊಂದು ದೇವರು ಮೊದಲೇ ಇರುತ್ತದೆ, ಮಕ್ಕಳು ಹುಟ್ಟುವಾಗಲೇ ಅದರ ಪಾಲಿಗೆ ಸೇರಿರುತ್ತಾರೆ ಎಂದೆ. ಹಾಗಾದರೆ ಚೇತನಾಗೂ ಒಂದು ಇರಬೇಕಲ್ಲ ಎಂದಳು ಮಾರ್ಗರೆಟ್. ನಾನು ನೆನೆಸಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುಮ್ಮನೆ ಜಾರಿಕೊಳ್ಳಲು ತಿರುಪತಿ ತಿಮ್ಮಪ್ಪ ಎಂದುಬಿಟ್ಟೆ.

"ದಟ್ಸ್ ನಾಟ್ ಟ್ರೂ, ಅಮ್ಮಾ," ಎಂದಳು ಚೇತನಾ. "ತಾತ ಕ್ರಾಸ್ಡ್ ಹಿಮ್ ಔಟ್. ವೆಡ್ಡಿಂಗ್ ಕಾರ್ಡ್ ಆಲ್ಬಮ್‌ನಲ್ಲಿದೆ. ಸೋ ಹೂ ಡು ವಿ ಹ್ಯಾವ್?"

"ಯಾರೂ ಇಲ್ಲ," ಎಂದೆ. ಗೊತ್ತಿಲ್ಲ ಎನ್ನಬೇಕಿತ್ತು. ಇಲ್ಲ ಎಂದುಬಿಟ್ಟೆ. ಅವಳ ಮುಖ ಮುಚ್ಚಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ.

ಆಮೇಲೆ ಎಲ್ಲರೂ ಚಾಪೆ ಹಾಸಿ ವೃತ್ತವಾಗಿ ಕುಳಿತು ಕಣ್ಣು ಮುಚ್ಚಿದರು. ಒಂದು ದಾರಿಯಲ್ಲಿ ನಡೆಯುತ್ತಿದ್ದೀರಿ, ಅದರ ಕೊನೆಯಲ್ಲಿ ಯಾರೋ ಇದ್ದಾರೆ ಎಂದು ಮಾರ್ಗರೆಟ್ ನಿಧಾನವಾಗಿ ಹೇಳಿಸುತ್ತ ಹೋದಳು. ನಾನು ಕಣ್ಣು ಮುಚ್ಚಲಿಲ್ಲ. ಮಗಳನ್ನೇ ನೋಡುತ್ತ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಏನೋ ಕಡಿಮೆಯಾಗಿದೆ ಎನ್ನಿಸಿತು. ವಿಮಾನಗಳು ನಿಂತಿದ್ದವು. ಅಷ್ಟು ಮೌನವನ್ನು ನಾನು ಹೌನ್ಸ್ಲೋದಲ್ಲಿ ಹಗಲು ಹೊತ್ತು ಕೇಳಿರಲಿಲ್ಲ.

ಆಗ ಚೇತನಾ ಮಾತಾಡಿದಳು. ಕನ್ನಡದಲ್ಲಿ.

"ಅತ್ಲಾಗೆ ತಿರುಕ್ಕಂಡು ಕುಂತವ್ಳೆ," ಎಂದಳು.

ಅದು ಹಿರಿಯೂರಿನ ಕಡೆಯ ಮಾತು. ನಾನು ಮೈಸೂರಿನವಳು. ನಮ್ಮ ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಪ್ರಕಾಶನೂ ಬೆಂಗಳೂರಿನ ಹಾಸ್ಟೆಲಿನಲ್ಲಿ ಓದುವಾಗಲೇ ಈ ಮಾತು ಬಿಟ್ಟವನು. ನನಗೆ ಅರಿವಿಲ್ಲದೆಯೇ, "ಯಾರಮ್ಮಾ?" ಎಂದು ಕೇಳಿದೆ.

"ಮುಖ ತೋರ್ಸಲ್ಲ. ಕೂದ್ಲು ಬಿಟ್ಕಂಡವ್ಳೆ. ತಲೆ ಮ್ಯಾಲೆ..." ಮುಂದಿನ ಪದ ಅವಳಿಗೆ ಸಿಗಲಿಲ್ಲ. ಎರಡು ಕೈಯಲ್ಲೂ ಗಾಳಿಯಲ್ಲಿ ಒಂದು ಆಕಾರ ಮಾಡಿದಳು. ಮೂರು ಕಡೆ ಅಂಚು, ಒಂದು ಕಡೆ ಬಯಲು. ಅದನ್ನು ಬೋರಲು ಮಾಡಿ ತಲೆಯ ಮೇಲೆ ಇಟ್ಟು ತೋರಿಸಿದಳು. ಅಕ್ಕಿ ಕೇರುವ ಮೊರ. ನಮ್ಮ ಮನೆಯಲ್ಲಿ ಮೊರ ಇಲ್ಲ, ಲಂಡನ್ನಿನಲ್ಲಿ ನಾನು ಅದನ್ನು ಕಂಡದ್ದೂ ಇಲ್ಲ.

"ಬಾ ಅಂತಿಲ್ಲ," ಎಂದಳು ಕೊನೆಗೆ. "ಹೋಗು ಅಂತಾನೂ ಇಲ್ಲ."

ಅಷ್ಟೆ. ಕಣ್ಣು ಬಿಟ್ಟು ನೀರು ಕೇಳಿದಳು, ಇಂಗ್ಲಿಷಿನಲ್ಲಿ. ಏನು ಕಂಡೆ ಎಂದು ಮಾರ್ಗರೆಟ್ ಕೇಳಿದಾಗ, ಈಗಷ್ಟೇ ಹೇಳಿದೆನಲ್ಲ ಎಂದು ಬೇಸರಪಟ್ಟುಕೊಂಡೇ ಅದನ್ನೆಲ್ಲ ಇಂಗ್ಲಿಷಿನಲ್ಲಿ ಮತ್ತೆ ಹೇಳಿದಳು. ಮೊದಲು ಹೇಳಿದ್ದೂ ಇಂಗ್ಲಿಷಿನಲ್ಲೇ ಎಂದು ಅವಳ ವಾದ. ಅಲ್ಲಿದ್ದವರಿಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಹೊರಡುವಾಗ ಆ ಪೊದೆಯ ಬುಡದಿಂದ ಮುಷ್ಟಿಯಷ್ಟು ದಪ್ಪದ ಒಂದು ಕಲ್ಲನ್ನು ಆರಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. ಆ ರಾತ್ರಿ ತಾನಾಗಿ ಕೆಳಗಿಳಿದು ಬಂದು ಎರಡು ಚಪಾತಿ ತಿಂದಳು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹಿರಿಯೂರಿಗೆ ಫೋನ್ ಮಾಡಿದೆ. ಅಲ್ಲಿ ಮಾವನ ತಂಗಿ ಇದ್ದರು, ಎಂಬತ್ತು ದಾಟಿದವರು. ಸುತ್ತಿ ಬಳಸದೆ, "ಅತ್ತೆ, ನಮ್ಮ ಮನೆದೇವರು ಯಾವುದು?" ಎಂದು ಕೇಳಿದೆ.

"ಈಗ್ಯಾಕವ್ವ ಆ ಮಾತು?"

ನಡೆದದ್ದನ್ನು ಹೇಳಿದೆ. ಮೊರದ ವಿಷಯಕ್ಕೆ ಬಂದಾಗ ಅವರು, "ನಿಮ್ಮಾವ ಹೇಳಿದ್ನಾ?" ಎಂದು ನಡುವೆಯೇ ಕೇಳಿದರು. ಇಲ್ಲ ಎಂದೆ.

"ಹೇಳಿರಾಕಿಲ್ಲ ಬಿಡು. ನನ್ ಕೈಲೂ ಆಣೆ ಹಾಕಿಸ್ಕಂಡಿದ್ದ. ಊರಾಚೆ ಒಂದು ಕಲ್ಲೈತೆ ಕಣವ್ವ. ಗೋಡೆ ಕಡೀಕೆ ಮುಖ. ನಾವು ಬೆನ್ನಿಗೇ ಪೂಜೆ ಮಾಡೋದು, ಮುಂದ್ಕೋಗಿ ನೋಡಂಗಿಲ್ಲ. ಹಬ್ಬದಾಗೆ ತಲೆ ಮ್ಯಾಲೆ ಮೊರ ಬೋರ್ಲಾಕ್ತಿದ್ವಿ."

"ಹೆಸರೇನು ಅತ್ತೆ?"

"ಹೆಸ್ರೆಲ್ಲೈತೆ? ಅವ್ವ ಅಂತಿದ್ವಿ."

ಉಳಿದದ್ದನ್ನೂ ಅವರೇ ಹೇಳಿದರು. ಪ್ರಕಾಶನಿಗಿಂತ ಮುಂಚೆ ಮಾವನಿಗೆ ಒಂದು ಹೆಣ್ಣು ಮಗು ಇತ್ತು. ಮೂರು ವರ್ಷದ್ದು. ಜ್ವರ ಬಂದಾಗ ಮನೆಯ ಹಿರಿಯರು ಪೇಟೆಯ ಡಾಕ್ಟರ ಹತ್ತಿರ ಕಳಿಸದೆ ಎರಡು ದಿನ ಆ ಕಲ್ಲಿನ ಬಳಿ ಮಲಗಿಸಿಕೊಂಡಿದ್ದರು. ಮಗು ಉಳಿಯಲಿಲ್ಲ. ಮಾವ ಮತ್ತೆ ಆ ಕಡೆ ಹೋಗಲಿಲ್ಲ, ಯಾರನ್ನೂ ಹೋಗಲು ಬಿಡಲಿಲ್ಲ. ತನಗೊಬ್ಬಳು ಅಕ್ಕ ಇದ್ದಳು ಎಂಬುದು ಪ್ರಕಾಶನಿಗೆ ಗೊತ್ತಾದದ್ದು ಐವತ್ತರ ಮೇಲೆ, ನನ್ನ ಬಾಯಿಂದ. ಆ ಮುನ್ನೂರು ಗೀಟುಗಳು ನನಗೆ ಆಮೇಲೆ ಬೇರೆಯಾಗಿ ಕಂಡವು.

ಇನ್ನು ವಿವರಣೆ. ವಿಮಾನಗಳು ನಿಂತದ್ದು ಏನೂ ಅಲ್ಲ. ಹೀಥ್ರೋದಲ್ಲಿ ಮಧ್ಯಾಹ್ನ ಮೂರಕ್ಕೆ ಇಳಿಯುವ ರನ್‌ವೇ ಬದಲಾಯಿಸುತ್ತಾರೆ. ಪ್ರಕಾಶ ಅಲ್ಲೇ ಕಾರ್ಗೋದಲ್ಲಿ ಕೆಲಸ ಮಾಡುವವನು, ಅವನೇ ಹೇಳಿದ. ಮಗಳು ಚೇತರಿಸಿಕೊಂಡದ್ದಕ್ಕೆ ಕಾರಣ ಮಾತ್ರೆಗಳು ಎಂದೇ ನಾನು ಹೇಳುತ್ತೇನೆ, ಏಕೆಂದರೆ ಅವು ಹಿಡಿಯಲು ಎಷ್ಟು ಕಾಲ ಬೇಕೋ ಅಷ್ಟೇ ಕಾಲ ಹಿಡಿದಿತ್ತು. ಅವಳು ಒಪ್ಪುವುದಿಲ್ಲ. ನಾವು ಅದಕ್ಕೆ ಜಗಳವಾಡುವುದಿಲ್ಲ.

ಉಳಿದದ್ದು ಆ ಬೆನ್ನು, ಆ ಮೊರ, ಆ ಮಾತು. ಚೇತನಾಗೆ ಮೂರು ವರ್ಷವಾಗಿದ್ದಾಗ ಮಾವ ಬಂದು ಆರು ತಿಂಗಳು ನಮ್ಮ ಜೊತೆ ಇದ್ದರು. ನಾವಿಬ್ಬರೂ ಕೆಲಸಕ್ಕೆ ಹೋದಾಗ ಅವಳನ್ನು ಮಲಗಿಸುತ್ತಿದ್ದವರು ಅವರೇ. ಆಗ ಹೇಳಿರಬೇಕು, ಮಗು ಮರೆತಿರಬೇಕು, ಅಷ್ಟು ವರ್ಷದ ಮೇಲೆ ಅವರ ಮಾತಿನಲ್ಲೇ ಮೇಲೆ ಬಂದಿರಬೇಕು. ಪ್ರಕಾಶ ಹೀಗೆಂದೇ ನಂಬಿದ್ದಾನೆ. ನಾನೂ ನಂಬಬೇಕು. ಆದರೆ ಸ್ವಂತ ಮಗನಿಗೆ ಹೇಳದೆ, ತಂಗಿಯ ಕೈಯಲ್ಲಿ ಆಣೆ ಹಾಕಿಸಿಕೊಂಡ ಮನುಷ್ಯ, ಹೋದ ಮಗಳಷ್ಟೇ ವಯಸ್ಸಿನ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆ ಅವ್ವನ ಕಥೆ ಹೇಳಿದರು ಎಂಬುದನ್ನು ಹೇಗೆ ನಂಬಲಿ? ಹೇಳಿದ್ದರೆ, ಅವಳು ನಿನ್ನನ್ನು ಕಾಯುತ್ತಾಳೆ ಎಂದು ಹೇಳಿದರೋ, ಅವಳ ತಂಟೆಗೆ ಹೋಗಬೇಡ ಎಂದು ಹೇಳಿದರೋ? ಅವರು ಹೇಳಿದ್ದರು ಎಂದು ನಂಬುವುದೋ, ಯಾರೂ ಹೇಳದೆಯೇ ಮಗಳಿಗೆ ಕಂಡಿತು ಎಂದು ನಂಬುವುದೋ, ಯಾವುದು ಹೆಚ್ಚು ಕಷ್ಟದ್ದು ಎಂದು ನನಗೆ ಇನ್ನೂ ತೀರ್ಮಾನಿಸಲು ಆಗಿಲ್ಲ.

ಚೇತನಾಗೆ ಎಲ್ಲವನ್ನೂ ಹೇಳಿದೆ, ಆ ಮಗುವಿನ ವಿಷಯವನ್ನೂ. ಅವಳು, "ಮೇಬಿ ದಟ್ಸ್ ವೈ ಶಿ ಕಾಂಟ್ ಲುಕ್ ಅಟ್ ಅಸ್," ಎಂದಳು. ಕಲ್ಲು ಅದಕ್ಕೂ ಮುಂಚಿನಿಂದ ಹಾಗೇ ಇತ್ತಂತೆ ಎಂದು ನಾನು ತಿದ್ದಿದೆ. ತಿದ್ದಬಾರದಿತ್ತು.

ಅವಳು ಓದು ಮುಗಿಸಿ, ಕೆಲಸಕ್ಕೆ ಸೇರಿ, ಈಗ ವೆಂಬ್ಲಿಯಲ್ಲಿ ಒಂದು ಫ್ಲ್ಯಾಟಿನಲ್ಲಿದ್ದಾಳೆ. ಹೋಗುವಾಗ ಎಲ್ಲ ಸಾಮಾನನ್ನೂ ತೆಗೆದುಕೊಂಡು ಹೋದಳು, ಆ ಕಲ್ಲನ್ನು ಮಾತ್ರ ತನ್ನ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಬಿಟ್ಟಳು. ಇದನ್ನು ಯಾಕೆ ಬಿಟ್ಟೆ ಎಂದು ಕೇಳಿದೆ. "ಮನೆದೇವರು ಅಲ್ವಾ ಅಮ್ಮಾ? ಇಟ್ ಸ್ಟೇಸ್ ಇನ್ ದಿ ಮನೆ," ಎಂದಳು.

ಹಾಗಾಗಿ ವಾರಕ್ಕೊಮ್ಮೆ ಅದರ ಧೂಳು ಒರೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಕೈಮುಗಿಯುವುದಿಲ್ಲ, ಹೂವಿಡುವುದಿಲ್ಲ. ಎತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಲೂ ಒರೆಸಿ, ಬೆನ್ನು ನನ್ನ ಕಡೆಗೆ ಬರುವ ಹಾಗೆ ಇಡುತ್ತೇನೆ. ಒಂದು ಸಲವೂ ತಪ್ಪಿಲ್ಲ. ಆ ಕಲ್ಲು ಎಲ್ಲ ಕಡೆಯೂ ಒಂದೇ ಥರ ನುಣ್ಣಗಿದೆ, ಗುರುತು ಎಂಬುದು ಎಲ್ಲೂ ಇಲ್ಲ. ಅದರ ಬೆನ್ನು ಯಾವುದೆಂದು ನನಗೆ ಹೇಗೆ ಗೊತ್ತಾಗುತ್ತದೋ, ನಾನು ಹೇಳಲಾರೆ.