ಗರಾಜಿನೊಳಗಿನ ಎರೆಮಣ್ಣು

ಶಕುನ, ಸೂಚನೆ ಎಂದು ಮಾತಾಡುವವರನ್ನು ನಾನು ಮುಖದ ಮೇಲೆಯೇ ಗೇಲಿ ಮಾಡುತ್ತಿದ್ದವಳು. ಕಟ್ಟಡ ಏಳುವ ಮೊದಲು ನೆಲದ ಮಣ್ಣು ಪರೀಕ್ಷೆ ಮಾಡುವ ಇಂಜಿನಿಯರ್ ನಾನು. ಕೈಗೆ ಸಿಗದ್ದನ್ನು ನಂಬುತ್ತಿರಲಿಲ್ಲ. ಆದರೆ ಇದು ಕೈಗೇ ಸಿಕ್ಕಿತು. ನೀವು ನಂಬಬೇಕೆಂದು ಹಟವಿಲ್ಲ, ನನಗೇ ಇನ್ನೂ ಬಗೆಹರಿದಿಲ್ಲ.

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ಮಾತು. ಮಗಳು ಅನಘಾ ಕಾಲೇಜಿಗೆ ಹೊರಟರೆ ಮತ್ತೆ ಕೈಗೆ ಸಿಗುವವಳಲ್ಲ, ಅಷ್ಟರೊಳಗೆ ಮೂವರೂ ತಾಂಜಾನಿಯಾದ ಸಫಾರಿಗೆ ಹೋಗಿಬರೋಣ ಎಂದು ನಾನೇ ಗಂಟುಬಿದ್ದಿದ್ದೆ. ಅಮೆರಿಕದ ಈ ಕ್ಯಾರಿ ಊರಿನಲ್ಲಿ ನಮ್ಮಂಥವರ ಪಂಚಾಂಗವೆಂದರೆ ಶಾಲೆಯ ಕ್ಯಾಲೆಂಡರ್. ಏಪ್ರಿಲ್‌ನ ಸ್ಪ್ರಿಂಗ್ ಬ್ರೇಕ್ ರಜೆ ನೋಡಿ ಟಿಕೆಟ್ ಮಾಡಿದೆವು, ಅಲ್ಲಿಯ ಹವಾಮಾನ ಆಮೇಲೆ ಓದಿದೆವು. ಜೂನ್ ನಂತರವಾದರೆ ಹುಲ್ಲು ಒಣಗಿ, ಪ್ರಾಣಿಗಳು ನೀರಿದ್ದಲ್ಲಿ ಸೇರುತ್ತವಂತೆ. ಏಪ್ರಿಲ್ ಎಂದರೆ ದೊಡ್ಡ ಮಳೆಗಾಲ. ಕಪ್ಪು ನೆಲದ ದಾರಿಗಳಲ್ಲಿ ಜೀಪುಗಳು ಹೂತುಹೋಗುತ್ತವಂತೆ.

"ಮಳಿ ಬಂದ್ರ ಬರ್ಲಿ ಬಿಡು. ನಾವೇನ್ ಸಕ್ಕರಿ ಗೊಂಬಿ ಏನು, ಕರಗಾಕ?" ಎಂದರು ನಮ್ಮ ಯಜಮಾನರು. ಇಬ್ಬರೂ ಗದಗಿನ ಕಡೆಯವರು, ಮಳೆಗೆ ಹೆದರಿ ಬೆಳೆದವರಲ್ಲ. ನಾನೂ ನಕ್ಕೆ.

ಹೊರಡುವ ವಾರ, ಶನಿವಾರ ಮಧ್ಯಾಹ್ನ. ನಮ್ಮಲ್ಲಿ ಚಪ್ಪಲಿ, ಶೂ ಎಲ್ಲ ಗರಾಜಿನಲ್ಲೇ. ಪ್ರವಾಸಕ್ಕೆಂದು ಮೂವರಿಗೂ ಹೊಸದಾಗಿ ತಂದ ಬೂಟುಗಳೂ ಅಲ್ಲೇ ಡಬ್ಬಿಯಲ್ಲಿದ್ದವು. ಟ್ಯಾಗ್ ಕತ್ತರಿಸೋಣವೆಂದು ತೆರೆದೆ. ನಮ್ಮಿಬ್ಬರವು ಸರಿಯಾಗಿದ್ದವು. ಅನಘಾಳ ಬೂಟಿಗೆ ಮಾತ್ರ ಕಾಲ್ಗಂಟಿನವರೆಗೆ ಕಪ್ಪು ಕೆಸರು ಮೆತ್ತಿತ್ತು, ಹಸಿಹಸಿಯಾಗಿ. ಟ್ಯಾಗ್ ಇನ್ನೂ ಶುಭ್ರವಾಗಿ ನೇತಾಡುತ್ತಿತ್ತು.

ನಮ್ಮ ಹಿತ್ತಿಲಷ್ಟೇ ಅಲ್ಲ, ಈ ಊರೆಲ್ಲ ಕೆಂಪು ಜೇಡಿಮಣ್ಣು. ಬೆರಳಲ್ಲಿ ಹೊಸಕಿ ನೋಡಿದೆ. ಮಳೆ ಬಿದ್ದಾಗ ಗದಗಿನ ನಮ್ಮ ಹೊಲದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತಿತ್ತಲ್ಲ, ಅಂಥದೇ ಎರೆಮಣ್ಣು. ಅನಘಾಳನ್ನು ಕರೆದು ಕೇಳಿದೆ.

"ಐ ಡಿಡಂಟ್ ಈವನ್ ವೇರ್ ದೆಮ್, ಅಮ್ಮಾ" ಎಂದಳು.

ಯಜಮಾನರು ಮೂಸಿ ನೋಡಿದರು. ಸದಾ ಚೇಷ್ಟೆ ಮಾಡುವ ಮನುಷ್ಯ, ಆಗ ಬೂಟು ಕೆಳಗಿಟ್ಟು ಒಳಗೆ ಹೋಗಿ ಮತ್ತೆ ಮತ್ತೆ ಕೈ ತೊಳೆದುಕೊಂಡರು. ನನಗೆ ನಿಜವಾಗಿ ಹೆದರಿಕೆಯಾದದ್ದು ಅದಕ್ಕೆ.

ಜೀಪು ಹೂತುಹೋಗುವ ಅಲ್ಲಿಯ ಕಪ್ಪು ನೆಲವೇ ಕಣ್ಣ ಮುಂದೆ ಬಂದು, ಪ್ರವಾಸ ರದ್ದು ಮಾಡಿದೆ. "ಮಣ್ಣು ನೋಡಿ ಕ್ಯಾನ್ಸಲ್ ಮಾಡಿದ್ಯಾ? ಸೀರಿಯಸ್ಲೀ?" ಎಂದು ಅನಘಾ ಅತ್ತಳು. ಕಾಲೇಜಿಗೆ ಹೋದಮೇಲೆ ಅವಳ ಫೋನ್ ಕರೆಗಳು ಚಿಕ್ಕವಾದವು. ಮೂವರೂ ಸೇರಿ ಮತ್ತೆ ಎಲ್ಲಿಗೂ ಹೋಗಲಿಲ್ಲ. ಆ ವಾರ ಅಲ್ಲೇನಾದರೂ ಅನಾಹುತವಾಯಿತೇ ಎಂದು ಎಷ್ಟೋ ಹುಡುಕಿದೆ. ಏನೂ ಆಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಎಂಥ ಮನಸ್ಸು ನೋಡಿ.

ಬೂಟು ತೊಳೆಯಲು ನನಗೆ ಧೈರ್ಯ ಬರಲಿಲ್ಲ. ಮಣ್ಣು ಒಣಗಿ, ಬೇಸಿಗೆಯ ಹೊಲದಂತೆ ಬಿರುಕುಬಿಟ್ಟು ಡಬ್ಬಿಯಲ್ಲೇ ಉಳಿಯಿತು. ಹೋದ ದೀಪಾವಳಿಗೆ ಗರಾಜು ಗುಡಿಸುವಾಗಲೂ ಹಾಗೇ ಇತ್ತು.

ಮೊನ್ನೆ ಅನಘಾ ಫೋನ್ ಮಾಡಿದ್ದಳು. ಬಹಳ ದಿನಗಳ ಮೇಲೆ ದನಿಯಲ್ಲಿ ಹಿಗ್ಗಿತ್ತು. "ಅಮ್ಮಾ, ಫ್ರೆಂಡ್ಸ್ ಜೊತೆ ತಾಂಜಾನಿಯಾ ಹೋಗ್ತಿದೀನಿ, ಏಪ್ರಿಲ್‌ನಲ್ಲಿ. ನನ್ನ ಬೂಟ್ಸ್ ಇನ್ನೂ ಇದ್ಯಾ?"

ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟು ಗರಾಜಿಗೆ ಹೋದೆ. ಡಬ್ಬಿ ತೆರೆದು ಬೆರಳಿಟ್ಟೆ.

ಮಣ್ಣು ಹಸಿಯಾಗಿತ್ತು.

ಅವಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಈ ಸಲ ರದ್ದು ಮಾಡಲು ಟಿಕೆಟ್ ನನ್ನ ಕೈಯಲ್ಲಿಲ್ಲ.